ಎಡಗೈಯಲ್ಲಿ ಸುತ್ತಿದ ಕಾಯಿಲ್

ತಂತಿಯ ಕಾಯಿಲ್ ಸುತ್ತುವ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳು ಮೊದಲು ಬಳೆ ತೆಗೆದಿಡಬೇಕು. ತೆಗೆಯುವುದಿಲ್ಲ ಎನ್ನುವವರು ಮೊಳಕೈವರೆಗೆ ಏರಿಸಿ ಮೇಲೊಂದು ಅರಿವೆ ಕಟ್ಟಿಕೊಳ್ಳಬೇಕು. ಗಾಜಿನ ಬಳೆಯ ಅಂಚು ತಂತಿಗೆ ತಾಗಿದರೆ ಮೇಲಿನ ಬಣ್ಣ ಕೆರೆದು ಹೋಗುತ್ತದೆ. ಆಗ ಕಣ್ಣಿಗೆ ಕಾಣುವುದಿಲ್ಲ. ಆರು ತಿಂಗಳ ಮೇಲೆ ಅದೇ ಜಾಗದಲ್ಲಿ ಸುಡುತ್ತದೆ, ಬೈಗುಳ ನಿಮಗೆ ಬರುತ್ತದೆ. ಈಗ ಯಂತ್ರವೇ ಸುತ್ತುತ್ತದೆ, ಎಣಿಸುವುದೂ ಅದೇ ಎಂದು ಹೇಳುತ್ತಾರೆ. ಇರಲಿ. ಯಂತ್ರ ತಪ್ಪು ಮಾಡಿದರೂ ಮಾತು ಕೇಳುವವರು ನೀವೇ. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಈ ಕೆಲಸ ಮಾಡಿದ್ದು ಹುಬ್ಬಳ್ಳಿಯ ಒಂದು ರೇಡಿಯೋ ಅಂಗಡಿಯಲ್ಲಿ, ಸಾವಿರದ ಒಂಬೈನೂರ ಐವತ್ತರ ದಶಕದ ಕೊನೆಯಿಂದ ಅರವತ್ತರ ದಶಕ ಮುಗಿಯುವ ತನಕ. ಅಂಗಡಿ ಚನ್ನಬಸಪ್ಪ ಸಾವಕಾರರದು. ಅವರ ಮನೆತನದವರೆಲ್ಲ ಹತ್ತಿಯ ವ್ಯಾಪಾರಿಗಳು. ಇವರೊಬ್ಬರು ಹತ್ತಿ ಬಿಟ್ಟು ರೇಡಿಯೋ ಹಿಡಿದರು. ರೇಡಿಯೋ ರಿಪೇರಿ ಮಾಡುತ್ತಿದ್ದರು, ಮದುವೆಯ ಹಂದರಕ್ಕೆ, ಸಭೆಗಳಿಗೆ ಆಂಪ್ಲಿಫೈಯರ್ ಕಟ್ಟಿ ಕೊಡುತ್ತಿದ್ದರು. ನಾನು ಬೆಂಗೇರಿಯಿಂದ ನಡೆದು ಬರುತ್ತಿದ್ದೆ. ಗಂಡ ಸತ್ತಿದ್ದ. ಮನೆಯಲ್ಲಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಮೊದಲು ನನ್ನನ್ನು ಇಟ್ಟುಕೊಂಡದ್ದು ಕಸ ಹೊಡೆಯಲಿಕ್ಕೆ. ಒಂದು ದಿನ ಸಿಕ್ಕುಬಿದ್ದ ತಂತಿಯ ಉಂಡೆಯನ್ನು ಎಸೆಯುವ ಮೊದಲು ಕೂತು ಬಿಡಿಸಿದೆ. ಒಂದು ಕಡೆಯೂ ಹರಿಯಲಿಲ್ಲ. ಸಾವಕಾರರು ಅದನ್ನು ನೋಡಿ, "ಫಕೀರವ್ವಾ, ನಾಳಿಯಿಂದ ಕಸಬರಿಗಿ ಬಿಡು. ಇಲ್ಲಿ ಬಾ ಕೂಡು," ಅಂದರು. ನನ್ನ ಬಡ್ತಿ ಅಂದರೆ ಅದೊಂದೇ. ಅದರ ಮೇಲೆ ಹೇಳುವಂಥದ್ದು ಏನೂ ಆಗಲಿಲ್ಲ.

ನಾನು ಎರಡನೆಯ ಇಯತ್ತೆಗೇ ಸಾಲೆ ಬಿಟ್ಟವಳು. ಎಣಿಸಲಿಕ್ಕೆ ಬರುತ್ತಿತ್ತು, ಅಷ್ಟು ಸಾಕಾಯಿತು. ಮೇಜಿನ ಅಂಚಿಗೆ ಒಂದು ಕೈ ಡ್ರಿಲ್ಲನ್ನು ಅಡ್ಡ ಬಿಗಿದಿದ್ದರು. ಅದರ ಮೂತಿಗೆ ತಂತಿ ಸುತ್ತಿಕೊಳ್ಳುವ ಬಾಬಿನ್ ಸಿಕ್ಕಿಸಿ ಬಲಗೈಯಿಂದ ಹಿಡಿಕೆ ತಿರುವಬೇಕು, ಎಡಗೈಯ ಎರಡು ಬೆರಳ ನಡುವೆ ತಂತಿ ಜಾರಬೇಕು. ತಂತಿ ತಲೆಗೂದಲಿಗಿಂತ ಸಣ್ಣದು. ಬೇಸಿಗೆಯಲ್ಲಿಯೂ ಪಂಖಾ ಹಾಕುವಂತಿರಲಿಲ್ಲ, ಗಾಳಿಗೇ ಹರಿಯುತ್ತಿತ್ತು. ನೂರು ಸುತ್ತಿಗೆ ಒಂದು ಹುಣಸೆಬೀಜ ಈ ತಾಟಿನಿಂದ ಆ ತಾಟಿಗೆ. ನಡುವೆ ಯಾರು ಮಾತಾಡಿಸಿದರೂ ನಾನು ತಲೆ ಎತ್ತುತ್ತಿರಲಿಲ್ಲ. ಒಮ್ಮೆ ಸಾವಕಾರರ ತಾಯಿ ಅಂಗಡಿಗೆ ಬಂದು, "ಅರಾಮದೀ ಏನಬೇ?" ಎಂದು ಮೂರು ಸಲ ಕೇಳಿದರು. ನಾನು ಉತ್ತರ ಕೊಡಲಿಲ್ಲ. "ಎಂಥಾ ಸೊಕ್ಕಿನ ಹೆಂಗಸನ್ನ ತಂದಿಟ್ಟೀಯೋ ಚನ್ನಬಸ್ಯಾ," ಎಂದು ಹೇಳಿ ಹೋದರು. ಬೀಜ ಸರಿಸಿದ ಮೇಲೆ ನಾನು ಹೊರಗೆ ಓಡಿ ಹೋಗಿ ಕೈ ಮುಗಿದೆ. ಅಷ್ಟರಲ್ಲಿ ಅವರ ಟಾಂಗಾ ಹೋಗಿಬಿಟ್ಟಿತ್ತು.

ಮಿಲಿಟರಿಯವರು ಹರಾಜು ಹಾಕಿದ ಹೆಡ್‌ಫೋನುಗಳನ್ನು ಸಾವಕಾರರು ಒಂದು ಚೀಲ ತುಂಬ ಕೊಂಡು ತಂದಿದ್ದರು. ಯುದ್ಧದ ಕಾಲದ ಗಟ್ಟಿ ಸಾಮಾನು. ಆದರೆ ಒಳಗಿನ ಕಾಯಿಲ್ ಎಲ್ಲ ಹಸಿರುಗಟ್ಟಿ ಹೋಗಿತ್ತು. ಅದನ್ನು ಬಿಚ್ಚಿ ಹೊಸದಾಗಿ ಸುತ್ತುವುದು ನನ್ನ ಕೆಲಸ. ಒಂದೊಂದು ಕಿವಿಯ ಡಬ್ಬಿಯಲ್ಲಿ ಒಂದು ಅಯಸ್ಕಾಂತ, ಅದರ ಎರಡು ಕೋಡಿಗೆ ಎರಡು ಕಾಯಿಲ್, ಮೇಲೊಂದು ತೆಳು ತಗಡು. ಕಾಯಿಲಿನಲ್ಲಿ ಕರೆಂಟು ಆಡಿದಂತೆ ತಗಡು ಒಳಗೆ ಹೊರಗೆ ಆಡುತ್ತದೆ. ಅದೇ ಹಾಡು. ಇದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.

ಮೊದಲನೆಯ ತಪ್ಪು ಮೊದಲನೆಯ ವಾರವೇ ಆಯಿತು. ಒಂದೇ ಡಬ್ಬಿಯ ಎರಡು ಕಾಯಿಲಿಗೆ ತಂತಿಯ ತುದಿ ಅದಲು ಬದಲು ಮಾಡಿ ಬೆಸೆದುಬಿಟ್ಟೆ. ದನಿಯೇ ಇಲ್ಲ. ಸಾವಕಾರರು ಡಬ್ಬಿ ಬಿಚ್ಚಿ ನೋಡಿ, "ಬಂಡಿಗೆ ಎರಡು ಎತ್ತು ಎದುರಾಬದುರು ಹೂಡಿದ್ರ ಬಂಡಿ ಎಲ್ಲಿಗೆ ಹೊಂಟೀತು?" ಎಂದು ಕೇಳಿದರು. ಅವತ್ತಿನಿಂದ ಪ್ರತಿ ಕಾಯಿಲಿನ ಮೊದಲ ತುದಿಗೆ ಕೆಂಪು ದಾರದ ಒಂದು ಎಳೆ ಕಟ್ಟುತ್ತಾ ಬಂದೆ. ಕೆಂಪು ತುದಿ ಎಲ್ಲಿಗೆ ಬೆಸೆಯಬೇಕು ಎಂದು ಸಾವಕಾರರು ತೋರಿಸಿ ಕೊಟ್ಟರು. ಅಂಥ ತಪ್ಪು ಮತ್ತೆ ಆಗಲಿಲ್ಲ. ಬೇರೆ ಆಯಿತು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಧಾರವಾಡದ ಮಾಳಮಡ್ಡಿಯಲ್ಲಿ ಇನಾಮದಾರ ವಕೀಲರು ಎಂದು ಇದ್ದರು. ಪ್ರತಿ ಐತವಾರ ಮಧ್ಯಾಹ್ನ ಊಟ ಆದ ಮೇಲೆ ಅವರ ಮನೆಯ ನಡುಮನೆಯಲ್ಲಿ ಏಳೆಂಟು ಮಂದಿ ಸೇರುತ್ತಿದ್ದರು. ಗ್ರಾಮಫೋನ್ ಪ್ಲೇಟು ಕೇಳಲಿಕ್ಕೆ. ಕೇಳುವುದೆಂದರೆ ಸುಮ್ಮನೆ ಕೇಳುವುದಲ್ಲ. ನಮ್ಮ ಸಾವಕಾರರು ಕಟ್ಟಿದ ವಾಲ್ವಿನ ಆಂಪ್ಲಿಫೈಯರ್ ನಡುವೆ, ಸುತ್ತಲೂ ಜಮಖಾನೆಯ ಮೇಲೆ ಮಂದಿ, ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಹೆಡ್‌ಫೋನು. ಲೌಡ್‌ಸ್ಪೀಕರಿನಲ್ಲಿ ಗೋಡೆಯ ದನಿ ಕೇಳುತ್ತದೆ, ಹೆಡ್‌ಫೋನಿನಲ್ಲಿ ಗಂಟಲ ದನಿ ಕೇಳುತ್ತದೆ ಎಂದು ವಕೀಲರು ಹೇಳುತ್ತಿದ್ದರು. ನಮ್ಮ ಸಾವಕಾರರು ತಿಂಗಳಿಗೊಮ್ಮೆ ವಾಲ್ವು ಬದಲಿಸಿಯೋ ಹೊಸ ಟ್ರಾನ್ಸ್‌ಫಾರ್ಮರ್ ಹಾಕಿಯೋ ಏನಾದರೊಂದು ಒಯ್ಯುವರು. ಮೊದಲಿನದು ಛಲೋ, ಇದು ಛಲೋ ಎಂದು ಜಗಳ ಹತ್ತುವುದು. ತಿಳಿದವರು, ಓದಿದವರು, ಬೆಲ್ಲದ ಮಾರುಕಟ್ಟೆಯ ಹಾಗೆ ಒದರಾಡುವರು.

ತಂತಿಗಳು ಆಗಾಗ ಹರಿಯುತ್ತಿದ್ದವು. ಕೂತಲ್ಲೇ ಜೋಡಿಸಲಿಕ್ಕೆ ಸಾವಕಾರರು ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು. ನಾನು ಬಾಗಿಲ ಹೊರಗೆ ಪಡಸಾಲೆಯಲ್ಲಿ ಸಾಮಾನಿನ ಚೀಲ ಇಟ್ಟುಕೊಂಡು ಕೂಡುತ್ತಿದ್ದೆ. ನನ್ನ ಚಹಾ ಬೇರೆ ಲೋಟದಲ್ಲಿ ಬರುತ್ತಿತ್ತು. ಆ ಲೋಟವನ್ನು ತೊಳೆದು ಕಿಟಕಿಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದೆ. ಮುಂದಿನ ಐತವಾರ ಅಲ್ಲೇ ಇರುತ್ತಿತ್ತು. ಆಗ ಹಾಗೇ ಇತ್ತು, ಇದ್ದದ್ದನ್ನು ಬರೆದಿದ್ದೇನೆ.

ಆ ಕೂಟದಲ್ಲಿ ಒಂದು ಪದ್ಧತಿ. ಪ್ಲೇಟು ಮುಗಿದ ಮೇಲೆ ಯಾರೂ ತುಟಿ ಬಿಚ್ಚುವಂತಿಲ್ಲ. ಮೊದಲ ಮಾತು ಶೇಷಗಿರಿ ಮಾಸ್ತರರದು. ಅವರು ಹೆಡ್‌ಫೋನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಮಾತು ಆಡಬೇಕು. ಆಮೇಲೆ ಉಳಿದವರು. ಮಾಸ್ತರರು ಸಾಲೆಯಲ್ಲಿ ಸಂಗೀತ ಕಲಿಸಿ ರಿಟೈರ್ ಆದವರು. ಹೆಂಡತಿ ಇರಲಿಲ್ಲ, ದುಡ್ಡೂ ಇರಲಿಲ್ಲ. ಸ್ವಂತ ಗ್ರಾಮಫೋನೂ ಇರಲಿಲ್ಲ. ವಾರಕ್ಕೊಮ್ಮೆ ಆ ಮೊದಲ ಮಾತು ಒಂದಿತ್ತು. ಅದಕ್ಕಾಗಿ ಶನಿವಾರವೇ ಧೋತರ ಒಗೆದು ಹಾಕುತ್ತಾರೆ ಎಂದು ವಕೀಲರ ಮನೆಯ ಆಳು ನನಗೆ ಹೇಳಿದ್ದ.

ಒಂದು ವಾರ ಒಂದು ಹೆಡ್‌ಫೋನಿನ ಎರಡೂ ಡಬ್ಬಿ ಹೊಸದಾಗಿ ಸುತ್ತಬೇಕಿತ್ತು. ಎಡಗಡೆಯದನ್ನು ಮುಗಿಸಿದ್ದೆ. ಮರುದಿನ ಬೆಳಿಗ್ಗೆ ರೊಟ್ಟಿಯ ಹಂಚು ಜಾರಿ ಬಲ ಅಂಗೈ ಸುಟ್ಟುಕೊಂಡೆ. ಐತವಾರಕ್ಕೆ ಸಾಮಾನು ಬೇಕೇ ಬೇಕು ಎಂದು ಸಾವಕಾರರು. ಬಲಗೈಯಲ್ಲಿ ಹಿಡಿಕೆ ಹಿಡಿಯಲಾಗಲಿಲ್ಲ. ಮೇಜಿನ ಆ ಕಡೆಗೆ ಹೋಗಿ ಕೂತು, ಎಡಗೈಯಿಂದ ತಿರುವಿ, ಸುಟ್ಟ ಕೈಯ ಬೆರಳ ತುದಿಯಲ್ಲಿ ತಂತಿ ಹಿಡಿದು ಬಲಗಡೆಯ ಡಬ್ಬಿಯ ಎರಡೂ ಕಾಯಿಲ್ ಸುತ್ತಿದೆ. ಕೆಂಪು ದಾರ ಕಟ್ಟಿದೆ, ಎಲ್ಲಿ ಬೆಸೆಯಬೇಕೋ ಅಲ್ಲಿ ಬೆಸೆದೆ. ಕಿವಿಗೆ ಹಚ್ಚಿ ನೋಡಿದೆ. ಎರಡೂ ಡಬ್ಬಿಯಲ್ಲಿ ದನಿ ಬರುತ್ತಿತ್ತು. ನನ್ನ ಕೆಲಸ ಮುಗಿಯಿತು ಎಂದುಕೊಂಡೆ.

ಐತವಾರ ಆ ಹೆಡ್‌ಫೋನು ಕುಲಕರ್ಣಿ ಪ್ರೊಫೆಸರರ ಕೈಗೆ ಹೋಯಿತು. ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು, ಕೂಟದಲ್ಲಿ ಎಲ್ಲರಿಗಿಂತ ಸಣ್ಣ ವಯಸ್ಸು, ದೊಡ್ಡ ದನಿ. ಪ್ಲೇಟು ಅರ್ಧಕ್ಕೆ ಬರುವ ಮೊದಲೇ ಪದ್ಧತಿ ಮರೆತು ಎದ್ದು ನಿಂತರು.

"ಅರೇ ಇನಾಮದಾರ್ರ, ಇದೇನ್ರಿ ಇದು! ಸಾರಂಗಿ ತಲೀ ಒಳಗ ಇಲ್ರೀ, ಹೊರಗ ಅದ! ಎರಡೂ ಕಡೆ ಗೋಡಿ ತನಕಾ ಹಬ್ಬೇದ!"

ವಕೀಲರು ಹಾಕಿಕೊಂಡು ನೋಡಿದರು. ಅವರ ಬಾಯಿ ಹಾಗೇ ತೆರೆಯಿತು. ಹೆಡ್‌ಫೋನು ಒಬ್ಬೊಬ್ಬರ ತಲೆಗೂ ಹೋಯಿತು. ದರಬಾರಿನಲ್ಲಿ ಕೂತ ಹಾಗೆ ಆಯಿತು ಅಂದರು, ಗವಿಯಲ್ಲಿ ನಿಂತ ಹಾಗೆ ಆಯಿತು ಅಂದರು. ನಮ್ಮ ಸಾವಕಾರರ ಮುಖ ಅರಳಿತು. ಪ್ರೊಫೆಸರರು ಅಷ್ಟರಲ್ಲೇ ಹೊಸ ತಂತಿಯ ತಾಮ್ರ ಹಳೆಯದಕ್ಕಿಂತ ಚೊಕ್ಕ, ಅದಕ್ಕೇ ಹೀಗೆ ಎಂದು ಕಾರಣವನ್ನೂ ಕೊಟ್ಟರು. ಕೊನೆಗೆ ಮಾಸ್ತರರ ಪಾಳಿ. ಅವರು ಕಣ್ಣು ಮುಚ್ಚಿ ಇಡೀ ಪ್ಲೇಟು ಕೇಳಿ, ತೆಗೆದು ತೊಡೆಯ ಮೇಲೆ ಇಟ್ಟುಕೊಂಡು, "ಹೋದ ವಾರ ಹೆಂಗಿತ್ತೋ ಹಂಗs ಅದ," ಅಂದರು.

ನಗೆ ಎದ್ದಿತು. ಪ್ರೊಫೆಸರರು, "ಮಾಸ್ತರ, ಇನ್ನೊಮ್ಮೆ ಕೇಳ್ರಿ. ಕಿವ್ಯಾಗ ಹತ್ತಿ ಗಿತ್ತಿ ಉಳದದೇನ ನೋಡ್ಕೋರಿ," ಅಂದರು.

"ಹತ್ತಿ ನಮ್ಮ ಸಾವಕಾರರ ಕಡೆ ಇರ್ತದಪಾ. ನನ್ನ ಕಡೆ ಇಲ್ಲ," ಎಂದು ಮಾಸ್ತರರು ತೇಲಿಸಿದರು. ಆದರೆ ಆ ಮಧ್ಯಾಹ್ನ ಆ ಸಾಮಾನನ್ನು ಮತ್ತೆ ಮುಟ್ಟಲಿಲ್ಲ.

ಬಸ್ಸಿನಲ್ಲಿ ಬರುವಾಗ ಸಾವಕಾರರು, "ಫಕೀರವ್ವಾ, ಉಳಿದವನ್ನೂ ಎಲ್ಲಾ ಹಿಂಗs ಮಾಡು. ಹೆಂಗ ಮಾಡಿದಿ?" ಎಂದು ಕೇಳಿದರು. ಹೇಗೆ ಮಾಡಿದೆ ಎಂದು ನನಗೇ ಗೊತ್ತಿರಲಿಲ್ಲ.

ಸೋಮವಾರ ಅದನ್ನು ಬಿಚ್ಚಿ ಮೇಜಿನ ಮೇಲೆ ಹರವಿದೆ. ಕಣ್ಣಿಗೆ ಎರಡೂ ಡಬ್ಬಿ ಒಂದೇ. ಹಳ್ಳಿಯ ರೇಡಿಯೋಗಳಿಗೆ ಹಾಕುತ್ತಿದ್ದ ದೊಡ್ಡ ಬ್ಯಾಟರಿ ಒಂದಿತ್ತು. ಡಬ್ಬಿಯ ತಗಡು ತೆಗೆದು, ಅಯಸ್ಕಾಂತದ ಕೋಡಿಗೆ ಕಾಗದಕ್ಕೆ ಚುಚ್ಚುವ ಟಾಚಣಿಗಳನ್ನು ಒಂದರ ತುದಿಗೊಂದು ಜೋತುಬಿಟ್ಟೆ. ಕೆಂಪು ದಾರದ ತುದಿಯನ್ನು ಬ್ಯಾಟರಿಯ ಒಂದು ಕಡೆಗೆ, ಉಳಿದ ತುದಿಯನ್ನು ಇನ್ನೊಂದು ಕಡೆಗೆ ಮುಟ್ಟಿಸಿದೆ. ಎಡಗಡೆಯ ಡಬ್ಬಿ ಟಾಚಣಿಗಳನ್ನು ಬಿಗಿಯಾಗಿ ಹಿಡಿಯಿತು. ಬಲಗಡೆಯದಕ್ಕೆ ಹಾಗೇ ಮುಟ್ಟಿಸಿದೆ. ಟಾಚಣಿ ಉದುರಿ ಬಿದ್ದವು. ಇನ್ನೊಮ್ಮೆ ಮಾಡಿದೆ, ಇನ್ನೊಮ್ಮೆಯೂ ಉದುರಿದವು. ಮೇಜಿನ ಆ ಕಡೆ ಕೂತು ಎಡಗೈಯಿಂದ ತಿರುವಿದಾಗ ಬಾಬಿನ್ ಉಲ್ಟಾ ತಿರುಗಿತ್ತು. ಎರಡು ಕಾಯಿಲೂ ಉಲ್ಟಾ ಆದದ್ದರಿಂದ ಡಬ್ಬಿಯ ಒಳಗೆ ಜಗಳವಿಲ್ಲ, ದನಿ ಬರುತ್ತದೆ. ಆದರೆ ಎಡಗಿವಿಯ ತಗಡು ಒಳಗೆ ಹೋದಾಗ ಬಲಗಿವಿಯದು ಹೊರಗೆ ಬರುತ್ತದೆ. ಎರಡು ಕಿವಿಗೆ ಎರಡು ಮಾತು. ಅದನ್ನೇ ಅವರು ದರಬಾರು ಅಂದದ್ದು.

ಹಾಗಾದರೆ ಮಾಸ್ತರರಿಗೆ ಯಾಕೆ ಗೊತ್ತಾಗಲಿಲ್ಲ? ಹೆಡ್‌ಫೋನನ್ನು ಮತ್ತೆ ಜೋಡಿಸಿ ನಾನೇ ಹಾಕಿಕೊಂಡೆ. ದನಿ ಖರೇನೇ ಹೊರಗೆ ಎಲ್ಲೋ ಇತ್ತು, ತಲೆ ಸ್ವಲ್ಪ ತಿರುಗಿದ ಹಾಗೆ. ಒಂದು ಡಬ್ಬಿಯನ್ನು ಕಿವಿಯಿಂದ ಸರಿಸಿದೆ. ಆಗ ಬೇರೆ ಹೆಡ್‌ಫೋನಿಗೂ ಇದಕ್ಕೂ ಏನೂ ಫರಕಿಲ್ಲ. ಕೈಯಲ್ಲಿ ಹಿಡಿದದ್ದನ್ನು ಹಾಗೇ ಕೆಳಗಿಟ್ಟೆ. ಮಾಸ್ತರರು ಯಾವಾಗಲೂ ಜಮಖಾನೆಯ ಎಡ ತುದಿಗೇ ಕೂಡುತ್ತಿದ್ದರು, ಎಲ್ಲರೂ ಅವರ ಬಲಕ್ಕೆ ಬರುವ ಹಾಗೆ. ನಾನು ಬಾಗಿಲಿನಿಂದ, ಅವರ ಎಡಕ್ಕೆ ಬಾಗಿ, "ಕಾಲು ತಗೀರಿ, ತಂತಿ ಐತಿ," ಎಂದು ಎಷ್ಟೋ ಸಲ ಹೇಳಿದ್ದೆ. ಅವರು ಒಮ್ಮೆಯೂ ಕಾಲು ತೆಗೆದಿರಲಿಲ್ಲ. ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ನನ್ನ ತಪ್ಪನ್ನು ಸಾವಕಾರರಿಗೆ ಹೇಳಿದೆ. ಮಾಸ್ತರರ ಕಿವಿಯ ಸುದ್ದಿ ಹೇಳಲಿಲ್ಲ. ಅದು ನನ್ನ ಸಾಮಾನಲ್ಲ. ಸಾವಕಾರರು ಬಹಳ ಹೊತ್ತು ಟಾಚಣಿ ಉದುರುವುದನ್ನು ನೋಡಿದರು. ಆಮೇಲೆ, "ಅವರಿಗೆ ಛಲೋ ಅನಿಸೇತಿಲ್ಲೋ? ಹಂಗಾದ್ರ ಅದು ತಪ್ಪಲ್ಲ," ಅಂದರು.

"ಮಾಸ್ತರನ್ನ ನಕ್ಕರಲ್ರೀ."

"ನಕ್ಕರ ನಗಲಿ, ನಗೂದಕ್ಕೇನು ರೊಕ್ಕ ಬೀಳತೈತೇನು? ನೋಡು ಫಕೀರವ್ವಾ, ಅಲ್ಲಿ ಕೂತಾವ್ರೆಲ್ಲಾ ದೊಡ್ಡ ಮಂದಿ. ನಾಳೆ ಕಾಲೇಜಿನ ಸಭಾಕ್ಕ ಆಂಪ್ಲಿ ಬೇಕಾದ್ರ ನಮ್ಮನ್ನ ಕರೀತಾರ. ಅವರ ಕಿವೀನs ಸುಳ್ಳು ಅಂತ ಹೇಳಾಕ ಹೋಗ್ತೀಯೇನು? ನೀ ಅಲ್ಲಿ ಬಾಯಿ ಬಿಟ್ಟಿ ಅಂದ್ರ ಸೋಮವಾರ ಅಂಗಡಿಗೆ ಬರಬ್ಯಾಡ."

ನಾನು ಮತ್ತೆ ಮೇಜಿಗೆ ಕೂತೆ. ಇನ್ನೊಂದು ಹೆಡ್‌ಫೋನನ್ನು ಬೇಕೆಂದೇ ಒಂದು ಡಬ್ಬಿ ಉಲ್ಟಾ ಆಗುವಂತೆ ಸುತ್ತಿದೆ. ತಪ್ಪು ಆಗುವುದು ಬೇರೆ, ತಪ್ಪು ಮಾಡುವುದು ಬೇರೆ. ಕೈ ಒಂದೇ ಇರುತ್ತದೆ, ಆದರೂ ಅವತ್ತು ಎರಡು ಸಲ ತಂತಿ ಹರಿಯಿತು.

ಆ ಐತವಾರ ಪ್ರೊಫೆಸರರು ಸುಮ್ಮನೆ ಕೂಡಲಿಲ್ಲ. ಮಾಸ್ತರರ ಕಣ್ಣಿಗೆ ತಮ್ಮ ಕರವಸ್ತ್ರ ಕಟ್ಟಿದರು. "ಚೇಷ್ಟೆ ಅಲ್ರೀ ಮಾಸ್ತರ, ಪರೀಕ್ಷಾ," ಅಂದರು. ಒಂದು ಹಳೆಯ ಹೆಡ್‌ಫೋನು, ಒಂದು ಹೊಸದು, ತಿರುಗಿಸಿ ಮುರುಗಿಸಿ ಐದು ಸಲ ಹಾಕಿದರು. ಯಾವುದು ಯಾವುದೆಂದು ಮಾಸ್ತರರು ಹೇಳಬೇಕು. ಅವರು ಹೇಳಿದ್ದು ಒಂದು ಸಲ ಸರಿ ಬಿತ್ತು, ನಾಲ್ಕು ಸಲ ತಪ್ಪು ಬಿತ್ತು. ಯಾರೂ ನಗಲಿಲ್ಲ. ಹೋದ ವಾರದ ಹಾಗೆ ನಕ್ಕಿದ್ದರೆ ಛಲೋ ಇತ್ತು.

ಪ್ರೊಫೆಸರರು ಕರವಸ್ತ್ರ ಬಿಚ್ಚುತ್ತಾ, "ಸಿಟ್ಟಿಗೇಳಬ್ಯಾಡ್ರಿ. ಕೂಸಿಗೂ ತಿಳಿಯೋ ಫರಕು ಇದು. ಇನ್ನ ಮ್ಯಾಲ ಮೊದಲ ಮಾತು ಪಾಳಿ ಮ್ಯಾಲ ಒಬ್ಬೊಬ್ಬರು ಆಡೋಣ. ಏನಂತೀರಿ ವಕೀಲ್ರ?" ಎಂದು ಕೇಳಿದರು.

ವಕೀಲರು ಕೋರ್ಟಿನಲ್ಲಿ ಏನು ಮಾತಾಡುತ್ತಿದ್ದರೋ ಗೊತ್ತಿಲ್ಲ, ಅವತ್ತು ನೆಲ ನೋಡಿದರು. "ಹಂಗs ಆಗ್ಲಿ ಬಿಡ್ರಿ," ಅಂದರು. ಮಾಸ್ತರರು ಗೋಡೆಯ ಗೂಟದ ಕಡೆಗೆ ಕೈ ಚಾಚಿ ತಮ್ಮ ಕರಿ ಟೋಪಿ ತೆಗೆದುಕೊಂಡರು.

ನಾನು ಹೊಸ್ತಿಲಲ್ಲಿ ಎದ್ದು ನಿಂತೆ. ಧೈರ್ಯ ಎಂದು ಯಾರೂ ತಿಳಿಯಬೇಡಿ. ಇಬ್ಬರು ಹೆಣ್ಣುಮಕ್ಕಳ ಹೊಟ್ಟೆಯ ಲೆಕ್ಕ ತಲೆಯಲ್ಲಿ ಇದ್ದೇ ಇತ್ತು. ಆದರೆ ನಾನು ಸುತ್ತಿದ ತಂತಿಯಿಂದ ಒಬ್ಬ ಮನುಷ್ಯ ಎದ್ದು ಹೋಗುವುದನ್ನು ಕೂತು ನೋಡಲಿಕ್ಕೆ ಆಗಲಿಲ್ಲ.

"ಅದು ನನ್ನ ತಪ್ಪರಿ," ಅಂದೆ. "ಆ ಹೆಡ್‌ಫೋನು ಉಲ್ಟಾ ಸುತ್ತೇತ್ರಿ. ಒಂದು ಕಿವಿ ಎಳದಾಗ ಇನ್ನೊಂದು ತಳ್ಳತೈತ್ರಿ. ನಿಮಗ ಹೊರಗ ಕೇಳಿಸಿದ್ದು ಅದರಿಂದರಿ."

ಸಾವಕಾರರು ನನ್ನ ಕಡೆ ನೋಡಲಿಲ್ಲ. ಪ್ರೊಫೆಸರರು, "ನಿನಗೇನ ತಿಳೀತದವಾ?" ಅಂದರು.

"ತಿಳಿಯೂದಿಲ್ರಿ. ಮಾಡಿ ತೋರಸ್ತೇನ್ರಿ."

ಮೊದಲ ಸಲ ಆ ನಡುಮನೆಯ ಒಳಗೆ ಕಾಲಿಟ್ಟೆ. ಪ್ರೊಫೆಸರರ ಕೈಯಲ್ಲಿದ್ದ ಹೆಡ್‌ಫೋನಿನ ಒಂದು ಡಬ್ಬಿಯ ಎರಡು ತಿರುಪು ಬಿಚ್ಚಿ ತಂತಿಯ ತುದಿಗಳನ್ನು ಅದಲು ಬದಲು ಮಾಡಿ ಬಿಗಿದೆ. ಅವರೇ ಹಾಕಿಕೊಂಡು ಕೇಳಿದರು. ದರಬಾರು ಹೋಗಿ ಸಾರಂಗಿ ಮತ್ತೆ ತಲೆಯ ನಡುವೆ ಬಂದು ಕೂತಿರಬೇಕು. ಅವರ ಕಿವಿ ಕೆಂಪಾದವು. ಬಿಚ್ಚಿ ಮತ್ತೆ ಉಲ್ಟಾ ಮಾಡು ಅಂದರು, ಮಾಡಿದೆ. ಸುಲ್ಟಾ ಮಾಡು ಅಂದರು, ಮಾಡಿದೆ. ಕೊನೆಗೆ, "ಉಲ್ಟಾನs ನನಗ ಛಲೋ ಅನಿಸ್ತದ," ಎಂದು ಸಣ್ಣಗೆ ಹೇಳಿದರು. ಖರೇ ಹೇಳಿದರು, ಅದಕ್ಕೆ ನನಗೆ ಅವರ ಮೇಲೆ ಸಿಟ್ಟಿಲ್ಲ.

ಅಲ್ಲಿಗೇ ಮುಗಿಯುತ್ತದೆ ಎಂದುಕೊಂಡಿದ್ದೆ. ವಕೀಲರು ವಕೀಲರೇ. "ಅಲ್ಲಾ, ಇಷ್ಟು ಫರಕು ಇದ್ದಾಗ ಮಾಸ್ತರಗ ಮಾತ್ರ ಎರಡೂ ಒಂದs ಹೆಂಗ ಕೇಳಿಸ್ತು?" ಎಂದು ನನ್ನನ್ನು ಕೇಳಿದರು.

"ಅದು ನನಗ ಗೊತ್ತಿಲ್ರಿ," ಅಂದೆ. ಆ ಮನೆಯಲ್ಲಿ ನಾನು ಆಡಿದ ಸುಳ್ಳು ಅದೊಂದು.

ಮಾಸ್ತರರು ನನ್ನ ಮುಖ ನೋಡಿದರು. ನನಗೆ ಗೊತ್ತಿದೆ ಎಂದು ಅವರಿಗೆ ಗೊತ್ತಾಯಿತು. ಟೋಪಿ ಹಾಕಿಕೊಂಡು, "ನನಗ ಎಡಗಿವಿ ಇಲ್ಲ ಇನಾಮದಾರ್ರ. ಸಾಲೀ ನೌಕರಿ ಬಿಡೂ ಮೊದಲs ಹೋಗೇದ," ಎಂದು ಹೇಳಿ ಮೆಟ್ಟಿಲು ಇಳಿದು ಹೋದರು.

ಬಸ್ಸಿನಲ್ಲಿ ಸಾವಕಾರರು ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ. ಸೋಮವಾರ ಬರಬೇಡ ಅಂದಿದ್ದರು. ನಾನು ಸೋಮವಾರ ಹೋದೆ. ಅವರು ಬೈಯಲಿಲ್ಲ, ಕೂಡು ಎಂದೂ ಅನ್ನಲಿಲ್ಲ. ನಾನೇ ಕೂತೆ. ಹೆಡ್‌ಫೋನಿನ ಚೀಲ ಅಟ್ಟಕ್ಕೆ ಹೋಗಿತ್ತು. ದಪ್ಪ ತಂತಿಯ ಕೆಲಸ ಮಾತ್ರ ಕೊಟ್ಟರು, ಯಾರು ಬೇಕಾದರೂ ಮಾಡುವಂಥದ್ದು. ಹದಿನೈದು ದಿನ ಹಾಗೇ ನಡೆಯಿತು, ಐತವಾರ ಹರಿದ ತಂತಿ ಜೋಡಿಸಲಿಕ್ಕೆ ಮಾತ್ರ ಧಾರವಾಡಕ್ಕೆ ಕರೆದೊಯ್ಯುತ್ತಿದ್ದರು. ಆ ನಡುವೆ ಬೇರೆ ಇಬ್ಬರನ್ನು ತಂದು ಸಣ್ಣ ತಂತಿಯ ಮುಂದೆ ಕೂಡಿಸಿ ನೋಡಿದರು. ಒಬ್ಬನಿಗೆ ಬೆವರುವ ಕೈ, ಇನ್ನೊಬ್ಬನಿಗೆ ಬಾಯಿ ನಿಲ್ಲುತ್ತಿರಲಿಲ್ಲ. ಆಮೇಲೆ ಒಂದು ದಿನ ಸಾವಕಾರರೇ ಅಟ್ಟ ಹತ್ತಿ ಚೀಲ ಇಳಿಸಿದರು. "ಆ ಟಾಚಣಿ ಪರೀಕ್ಷಾ ಐತಲ್ಲ, ಇನ್ನ ಮ್ಯಾಲ ಪ್ರತಿ ಡಬ್ಬಿಗೂ ಮಾಡಿ ಹೊರಗ ಕಳಸು," ಎಂದಷ್ಟೇ ಹೇಳಿದರು. ನನ್ನ ಕೆಲಸ ಉಳಿದದ್ದು ನಾನು ಖರೇ ಹೇಳಿದ್ದಕ್ಕಲ್ಲ. ಬೇರೆ ಬೆರಳು ಸಿಗದ್ದಕ್ಕೆ. ಹೊಸದಾಗಿ ಸೇರುವವರು ಇದನ್ನು ತಿಳಿದಿರಬೇಕು. ಖರೇ ಹೇಳಬೇಕಾದರೆ ಮೊದಲು ಕೈ ಕೆಲಸ ಗಟ್ಟಿ ಇರಬೇಕು.

ಮಾಸ್ತರರು ಮಾತ್ರ ಕೂಟಕ್ಕೆ ಬರಲಿಲ್ಲ. ಎರಡು ಐತವಾರ ಹೋದವು. ಮೊದಲ ಮಾತು ಪಾಳಿಯ ಮೇಲೆ ನಡೆಯಿತು. ಅವರನ್ನು ಕರೆಯಲಿಕ್ಕೆ ವಕೀಲರು ಆಳನ್ನು ಕಳಿಸಿದ್ದರು. ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ ಕಳಿಸಿದರಂತೆ.

ಆ ಎರಡೂ ವಾರ ಪಡಸಾಲೆಯಲ್ಲಿ ಕೂತ ನನಗೆ ಏನೋ ಸರಿ ಇಲ್ಲ ಅನಿಸುತ್ತಿತ್ತು. ಹಾಡು ನನಗೆ ತಿಳಿಯುವುದಿಲ್ಲ, ಆದರೆ ತಿರುಗುವುದು ತಿಳಿಯುತ್ತದೆ. ಒಂದು ಪ್ಲೇಟಿನ ನಡುವಿನ ಚೀಟಿಯ ಮೂಲೆ ಹರಿದಿತ್ತು. ಗೋಡೆಯ ಗಡಿಯಾರ ನೋಡುತ್ತಾ ಅದರ ಸುತ್ತು ಎಣಿಸಿದೆ. ಒಂದು ಮಿನಿಟಿಗೆ ಎಪ್ಪತ್ತೆಂಟು ತಿರುಗಬೇಕೆಂದು ಅಂಗಡಿಯಲ್ಲಿ ಸಾವಕಾರರು ಹೇಳುತ್ತಿದ್ದರು. ಎಂಬತ್ತೆರಡು ತಿರುಗುತ್ತಿತ್ತು. ಧೂಳು ಒರೆಸುವಾಗ ಆಳಿನ ಕೈ ವೇಗದ ಗುಂಡಿಗೆ ತಾಗಿರಬೇಕು. ಹೇಳಲಿಕ್ಕೆ ಬಾಯಿ ತೆರೆದೆ, ಮುಚ್ಚಿದೆ. ಹೋದ ಸಲ ಬಾಯಿ ತೆರೆದದ್ದೇ ಸಾಕಾಗಿತ್ತು.

ಮೂರನೆಯ ಐತವಾರ ಬಸ್ಸಿಳಿದ ಮೇಲೆ ಸಾವಕಾರರಿಗೆ, "ನೀವು ಮುಂದ ನಡೀರಿ, ಬಂದೆ," ಎಂದು ಹೇಳಿ ಎರಡು ಓಣಿ ದಾಟಿ ಮಾಸ್ತರರ ಮನೆಗೆ ಹೋದೆ. ಒಂದೇ ಕೋಣೆ. ಬಾಗಿಲಿಗೆ ಮುಖ ಮಾಡಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ನಾ ಫಕೀರವ್ವರಿ, ಹುಬ್ಬಳ್ಳಿ ರೇಡಿಯೋ ಅಂಗಡ್ಯಾಕಿ."

"ಒದರಬ್ಯಾಡ. ಒಂದು ಕಿವಿ ಛಲೋ ಅದ."

"ಒದರಿಲ್ರಿ. ನನ್ನ ದನೀನs ಹಂಗೈತ್ರಿ."

ಅವರು ಮೊರದಿಂದ ತಲೆ ಎತ್ತಿದರು. "ಯಾಕ ಬಾಯಿ ಬಿಟ್ಟೀ ನೀನು? ತಿಳಿಗೇಡಿ ಅಂದಿದ್ರ ತಿಳಿಗೇಡಿ ಅನ್ನಿಸ್ಕೊಂಡು ಇರ್ತಿದ್ದೆ. ಈಗ ನೋಡು, ಇಡೀ ಓಣಿ ನನ್ನ ಜೋಡಿ ಕೈ ಮಾಡಿ ಮಾತಾಡ್ತದ. ಹಾಲಿನವ ಸುದ್ದಾ ಬೆರಳು ಎತ್ತಿ ತೋರಸ್ತಾನ, ಅರ್ಧ ಸೇರೋ ಒಂದು ಸೇರೋ ಅಂತ."

"ನಾ ನನ್ನ ತಪ್ಪಷ್ಟs ಹೇಳೇನ್ರಿ. ನಿಮ್ಮ ಕಿವಿ ಸುದ್ದಿ ನಾ ಆಡಿಲ್ರಿ."

"ಅದs ಮತ್ತ. ನಿನ್ನ ತಪ್ಪು ಎತ್ತಿದಿ. ಅದರ ಬುಡಕ ನನ್ನ ಕಿವಿ ಇತ್ತು."

ತಪ್ಪು ನನ್ನದು, ಹೇಳಿದರೆ ನನಗೆ ನೋವು ಎಂದು ಲೆಕ್ಕ ಹಾಕಿದ್ದೆ. ಅದು ಇನ್ನೊಬ್ಬರ ಹಿತ್ತಲಲ್ಲೂ ಬೇರು ಬಿಟ್ಟಿರುತ್ತದೆ ಎಂಬುದನ್ನು ಎಣಿಸಿರಲಿಲ್ಲ. ಕ್ಷಮಿಸಿ ಎನ್ನಲಿಕ್ಕೆ ನಾನು ಹೋಗಿರಲಿಲ್ಲ, ಅನ್ನಲೂ ಇಲ್ಲ.

"ನಾ ಬಂದದ್ದು ಅದಕ್ಕಲ್ರೀ. ಅಲ್ಲಿ ಪ್ಲೇಟು ಜೋರ ತಿರಗಾಕತ್ತೇತ್ರಿ."

"ಎಷ್ಟು ಜೋರ?"

"ಎಂಬತ್ತೆರಡು. ಎರಡು ವಾರ ಆತ್ರಿ."

ಮೊರ ಕೆಳಗಿಟ್ಟರು. "ಎಂಬತ್ತೆರಡು! ಹತ್ರಹತ್ರ ಅರ್ಧ ಸ್ವರ ಏರಿರ್ತದಲ್ಲೇ! ಯಾರೂ ಏನೂ ಅನ್ನಲಿಲ್ಲೇನು?"

"ಅಂದ್ರಲ್ರೀ. ಆ ಹಾಡಾಕಿ ಬಾಯಿ ಅವರ ಪ್ಲೇಟು ಐತಲ್ಲ, ವಯಸ್ಸಾದಾಗ ಹಾಡಿದ್ದು, ಅದನ್ನ ಕೇಳಿ ಪ್ರೊಫೆಸರ್ ಸಾಹೇಬ್ರು, ಈ ಆಂಪ್ಲಿಯೊಳಗ ಮುದುಕಿ ಹರೇದ ಹುಡಿಗ್ಯಾಗಿ ಕೇಳಸ್ತಾಳ ಅಂದ್ರು. ಎಲ್ಲಾರೂ ಹೌದೌದು ಅಂದ್ರು."

ಮಾಸ್ತರರ ಮುಖ ನೋಡಬೇಕಿತ್ತು. "ಹರೇದ ಹುಡಿಗಿ! ಆಕೀ ಐವತ್ತು ವರ್ಷದ ಸಾಧನಾ ತಗದು ಗಟಾರಕ್ಕ ಹಾಕ್ಯಾರಲ್ಲೇ! ಆ ಇನಾಮದಾರಗೂ ತಿಳೀಲಿಲ್ಲೇನು? ಎರಡೆರಡು ಕಿವಿ ಇಟ್ಕೊಂಡು ಏನ ಮಾಡ್ತಾರ ಇವರು?" ಎನ್ನುತ್ತಾ ಗೂಟದ ಮೇಲಿನ ಕೋಟಿಗೆ ಕೈ ಹಾಕಿದರು. ಧೋತರ ಒಗೆದದ್ದಿರಲಿಲ್ಲ. ಅದರ ನೆನಪೂ ಅವರಿಗೆ ಇರಲಿಲ್ಲ. ಓಣಿಯಲ್ಲಿ ನನಗಿಂತ ನಾಲ್ಕು ಹೆಜ್ಜೆ ಮುಂದೆ ನಡೆದರು.

ನಡುಮನೆಯಲ್ಲಿ ಪ್ರೊಫೆಸರರು ಎದ್ದು ನಿಂತು, ಎರಡೂ ಕೈ ಆಡಿಸಿ, "ಬರ್ರಿ ಮಾಸ್ತರ! ಇಲ್ಲಿ! ಇಲ್ಲೇ ಕೂಡ್ರಿ!" ಎಂದು ಸಂತೆಯಲ್ಲಿ ಕರೆದ ಹಾಗೆ ಕರೆದರು.

"ಕೇಳಸ್ತದೋ ಮಾರಾಯಾ. ನಿನಗs ಕೇಳಸ್ವಲ್ತು," ಎಂದು ಮಾಸ್ತರರು ಅವರನ್ನು ದಾಟಿ ನೇರ ಗ್ರಾಮಫೋನಿನ ಹತ್ತಿರ ಹೋದರು. ಆ ಗಾಯಕಿ ಬಾಯಿಯವರ ಪ್ಲೇಟು ಹಾಕಿಸಿದರು. ಮುಳ್ಳಿನ ಹತ್ತಿರ ಬಲಗಿವಿ ಒಡ್ಡಿ, ಬಾಯಲ್ಲೇ ಸಣ್ಣಗೆ ಒಂದು ಸ್ವರ ಹಿಡಿದುಕೊಂಡು ಗುಂಡಿಯನ್ನು ಕೂದಲಿನಷ್ಟು ಹೊರಳಿಸಿದರು. ಹೊರಳಿ ನೋಡದೆಯೇ, "ಎಷ್ಟಾತು?" ಎಂದು ಕೇಳಿದರು.

ನಾನು ಹೊಸ್ತಿಲಿನಿಂದ ಎಣಿಸಿ, "ಎಪ್ಪತ್ತೊಂಬತ್ತ್ರಿ," ಅಂದೆ.

"ಗೊತ್ತಾತು. ಇನ್ನೂ ಒಂದೆಳಿ ಮ್ಯಾಲ ಅದಾಳ." ಮತ್ತೊಂದಿಷ್ಟು ಹೊರಳಿಸಿದರು. ವಕೀಲರು ಗ್ರಾಮಫೋನಿನ ಕಡೆಗೊಮ್ಮೆ, ಪ್ರೊಫೆಸರರ ಕಡೆಗೊಮ್ಮೆ ನೋಡಿ ತಲೆ ಕೆರೆದುಕೊಂಡರು.

ಪ್ಲೇಟನ್ನು ಮೊದಲಿನಿಂದ ಹಾಕಿದರು. ಮಾಸ್ತರರು ಜಮಖಾನೆಯ ನಟ್ಟನಡುವೆ ಕೂತರು. ಹೆಡ್‌ಫೋನು ತೆಗೆದುಕೊಂಡು, ಎಲ್ಲರ ಮುಂದೆ, ಎಡಗಡೆಯ ಡಬ್ಬಿಯನ್ನು ಕಿವಿಯಿಂದ ಹಿಂದಕ್ಕೆ ತಳ್ಳಿ ತಲೆಯ ಮೇಲೆ ಕೂಡಿಸಿದರು, ಬಲಗಡೆಯದನ್ನು ಮಾತ್ರ ಕಿವಿಗೆ ಹೊಂದಿಸಿಕೊಂಡರು. ಮೂರು ಮಿನಿಟು ಯಾರೂ ಅಲುಗಾಡಲಿಲ್ಲ. ಪ್ಲೇಟು ಮುಗಿದು ಮುಳ್ಳು ಕರಕರ ಎನ್ನಲಿಕ್ಕೆ ಹತ್ತಿತು. ಅವತ್ತಿನ ಪಾಳಿ ಪ್ರೊಫೆಸರರದಿತ್ತು. ಅವರು ಬಾಯಿ ತೆರೆದರು, ವಕೀಲರನ್ನು ನೋಡಿದರು, ಮಾಸ್ತರರನ್ನು ನೋಡಿದರು, ಮತ್ತೆ ಮುಚ್ಚಿದರು.

ಮಾಸ್ತರರು ಹೆಡ್‌ಫೋನು ತೆಗೆದು ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು:

"ಈಗ ಆಕೀಗೆ ಆಕೀ ವಯಸ್ಸು ಬಂತು."